ಗೇಟಿಗೆ ಹೊಸ ಬಣ್ಣ: ಹಳೆಯ ಬಣ್ಣದ ಧೂಳಿನ ಬಗ್ಗೆ ಎಚ್ಚರ

ದಸರೆ ಹತ್ತಿರ ಬಂತೆಂದರೆ ಮೈಸೂರಿನ ಬಡಾವಣೆಗಳಲ್ಲಿ ಸುಣ್ಣ ಬಣ್ಣದ ಸಂಭ್ರಮ. ಗೋಕುಲಂನ ಹಳೆಯ ಮನೆಗಳನ್ನೇ ನೋಡಿ. ಮುಂದೆ ಕಬ್ಬಿಣದ ಗೇಟು, ವರಾಂಡಕ್ಕೆ ಗ್ರಿಲ್ಲು, ಕಿಟಕಿಗೆ ಸರಳು, ಮೆಟ್ಟಿಲಿಗೆ ಕಂಬಿ. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ತುಕ್ಕು ಹಿಡಿದು ಬಣ್ಣ ಪದರ ಪದರವಾಗಿ ಏಳುತ್ತದೆ. ಪೇಂಟರ್ ಬಂದು ಉಪ್ಪುಕಾಗದ ಹಿಡಿದು ಉಜ್ಜತೊಡಗುತ್ತಾರೆ. ಹೊಸ ಬಣ್ಣದ ವಾಸನೆಯ ಬಗ್ಗೆ ನಾವೆಲ್ಲ ಗೊಣಗುತ್ತೇವೆ. ಆದರೆ ವಾಸನೆಯೇ ಇಲ್ಲದ ಹಳೆಯ ಬಣ್ಣದ ಧೂಳಿನ ಬಗ್ಗೆ ಯೋಚಿಸುವವರು ಕಡಿಮೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಜೊತೆಗೆ ಎರಡು ವರ್ಷದ ಮಗನೂ ಇದ್ದಾನೆ. ನಾಮಕರಣಕ್ಕೆ ಮೊದಲು ಮನೆ ಚೆಂದ ಮಾಡಿಸೋಣ ಎಂದು ಅಜ್ಜ ಕೆಲಸಕ್ಕೆ ಕೈ ಹಾಕುತ್ತಾರೆ. ಗ್ರಿಲ್ಲು ಉಜ್ಜಿದ ಧೂಳು ವರಾಂಡದ ನೆಲದ ಮೇಲೆ ಬೀಳುತ್ತದೆ. ಮಗು ಅದರಲ್ಲೇ ಅಂಬೆಗಾಲಿಟ್ಟು, ಕೈಯನ್ನು ಬಾಯಿಗೆ ಹಾಕುತ್ತದೆ. ಅಜ್ಜನ ಉದ್ದೇಶ ಒಳ್ಳೆಯದೇ. ಆದರೆ ಅಪಾಯಕ್ಕೆ ಈಡಾಗುವವರು ಆ ಮನೆಯ ಅತ್ಯಂತ ಚಿಕ್ಕ ಜೀವಗಳು.

ಹಳೆಯ ಬಣ್ಣದಲ್ಲಿ ಏನಿರುತ್ತದೆ?

ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಹಳದಿ, ಕಿತ್ತಳೆ, ಕೆಂಪು ಮತ್ತು ಕೆಲವು ಹಸಿರು ಬಣ್ಣಗಳಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಸೇರಿಸುತ್ತಿದ್ದರು. ಬಣ್ಣ ಬೇಗ ಒಣಗಲು, ಕಬ್ಬಿಣ ತುಕ್ಕು ಹಿಡಿಯದಿರಲು ಕೂಡ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಇದು ತೀರ ಹಳೆಯ ಕಥೆಯೇನಲ್ಲ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಬಳಿದ ಬಣ್ಣ ನಿಮ್ಮ ಗೇಟಿನ ಮೇಲೆ ಪದರಗಳಾಗಿ ಇನ್ನೂ ಉಳಿದಿರಬಹುದು.

ಈ ಅಪಾಯವನ್ನು ವೈದ್ಯಲೋಕ ಗುರುತಿಸಿ ನೂರಕ್ಕೂ ಹೆಚ್ಚು ವರ್ಷಗಳಾದವು. 1904ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಡಾ. ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು, ಮಕ್ಕಳಲ್ಲಿ ಕಂಡ ಸೀಸದ ವಿಷಬಾಧೆಗೆ ಮನೆಯ ವರಾಂಡದ ಕಟಕಟೆಗೆ ಬಳಿದ ಬಣ್ಣವೇ ಮೂಲವೆಂದು ತೋರಿಸಿಕೊಟ್ಟರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ದೀರ್ಘಕಾಲ ಎಚ್ಚರಿಸುತ್ತ ಬಂದರು.

ಮಕ್ಕಳಿಗೇ ಏಕೆ ಹೆಚ್ಚು ಅಪಾಯ?

ನುಂಗಿದ ಸೀಸವನ್ನು ಮಕ್ಕಳ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಹೋಗುವುದು ಕಷ್ಟ. ಕಲಿಕೆಯಲ್ಲಿ ಹಿಂದೆ ಬೀಳುವುದು, ಸಿಡುಕುತನ, ಗಮನ ನಿಲ್ಲದಿರುವುದು, ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಇದರ ಲಕ್ಷಣಗಳು. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಹೊರಗೆ ಕಾಣುವುದಿಲ್ಲ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎಂಬ ಸುರಕ್ಷಿತ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯ ರಕ್ತದ ಸೀಸ ಗರ್ಭದ ಶಿಶುವಿಗೂ ತಲುಪುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಬರಬಹುದು.

ಮರುಬಣ್ಣ ಮಾಡಿಸುವಾಗ

1. ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆರೆಯಲು ಹೋಗಬೇಡಿ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಅದರ ಮೇಲೆಯೇ ಹೊಸ ಬಣ್ಣ ಬಳಿಸಿ.

2. ತುಕ್ಕು ಹಿಡಿದ ಕಡೆ ಮಾತ್ರ, ನೀರು ಚಿಮುಕಿಸಿ, ನೀರಿಗೆ ಹಾಳಾಗದ ಉಪ್ಪುಕಾಗದದಿಂದ ಒದ್ದೆಯಾಗಿಯೇ ಉಜ್ಜಿಸಿ. ಕಬ್ಬಿಣ ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹಚ್ಚಬೇಕು. ಉಜ್ಜುವ ಯಂತ್ರ ಬೇಡ. ಬೆಂಕಿಯ ಜ್ವಾಲೆಯಿಂದ ಬಣ್ಣ ಸುಡಿಸುವುದಂತೂ ಬೇಡವೇ ಬೇಡ, ಸೀಸ ಹೊಗೆಯಾಗಿ ಶ್ವಾಸಕೋಶಕ್ಕೆ ಸೇರುತ್ತದೆ.

3. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೆಲಸ ಮುಗಿದ ಮೇಲೆ ಅದನ್ನು ಒಳಮುಖವಾಗಿ ಮಡಚಿ ಕಟ್ಟಿಡಿ. ಪೊರಕೆಯಿಂದ ಗುಡಿಸಿದರೆ ಧೂಳು ಮನೆಯೆಲ್ಲ ಹರಡುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ. ಕೆರೆದ ಬಣ್ಣದ ಚೂರುಗಳನ್ನು ತುಳಸಿಕಟ್ಟೆಯ ಮಣ್ಣಿಗಾಗಲಿ ಕೈತೋಟಕ್ಕಾಗಲಿ ಹಾಕಬೇಡಿ.

4. ಗರ್ಭಿಣಿಯರು, ಮಕ್ಕಳು, ಆಸ್ತಮಾ ಇರುವವರು ಕೆಲಸ ಮುಗಿದು, ಮನೆ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ಬೇರೆ ಕಡೆ ಇರುವುದು ಲೇಸು.

5. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ನಮೂದಾಗಿದೆಯೇ ನೋಡಿ. ಅಟ್ಟದ ಮೇಲಿರುವ ಹಳೆಯ ಡಬ್ಬಿಯನ್ನು 'ದಂಡವಾಗುತ್ತದಲ್ಲ' ಎಂದು ಬಳಸಬೇಡಿ.

ಹಳೆಯ ಕಂಟೈನರ್ ಕೊಳ್ಳುವವರಿಗೆ

ಹಡಗಿನಲ್ಲಿ ಸರಕು ಸಾಗಿಸುವ ಉಕ್ಕಿನ ಕಂಟೈನರುಗಳನ್ನು ಕೊಂಡು ಅಂಗಡಿ, ಕಚೇರಿ, ಉಗ್ರಾಣ ಮಾಡಿಕೊಳ್ಳುವುದು ಈಗ ರೂಢಿಗೆ ಬಂದಿದೆ. ಇವುಗಳಿಗೆ ಉಪ್ಪುನೀರು, ಬಿಸಿಲು ತಡೆಯುವ ಕೈಗಾರಿಕಾ ಬಣ್ಣ ಬಳಿದಿರುತ್ತಾರೆ. ಮೇಲೆ ಹೇಳಿದ 90 ಭಾಗದ ನಿಯಮ ಮನೆಬಳಕೆಯ ಬಣ್ಣಗಳದ್ದು, ಕೈಗಾರಿಕಾ ಬಣ್ಣಗಳದ್ದಲ್ಲ. ಹಳೆಯ ಕಂಟೈನರ್‌ನ ಪದರಗಳಲ್ಲಿ ಸೀಸ, ಕ್ರೋಮೇಟ್ ಇರಬಹುದೆಂದೇ ತಿಳಿದು ನಡೆಯಿರಿ. ನೆಲದ ಹಲಗೆಗೆ ಹುಳು ಹಿಡಿಯದಂತೆ ಕೀಟನಾಶಕ ಉಣಿಸಿರುವುದೂ ಉಂಟು. ಆದ್ದರಿಂದ ಆ ಹಲಗೆಯ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ, ಆಹಾರ ಪದಾರ್ಥ ಸುರಿಯಬೇಡಿ.

ಒಳಗೆ ಬಣ್ಣ ಬಳಿಯುವಾಗ ಇನ್ನೊಂದು ಅಪಾಯವಿದೆ. ಥಿನ್ನರ್‌ನ ಆವಿ ಗಾಳಿಗಿಂತ ಭಾರ. ಕಿಟಕಿಯಿಲ್ಲದ ಪೆಟ್ಟಿಗೆಯಲ್ಲಿ ಅದು ಕೆಳಗೆ ಶೇಖರವಾಗುತ್ತದೆ. ತಲೆನೋವು, ಅಮಲು, ವಾಕರಿಕೆ ಬಂದು ಮನುಷ್ಯ ಎಚ್ಚರ ತಪ್ಪಬಹುದು. ಒಂದು ಕಿಡಿ ಸಾಕು, ಬೆಂಕಿ ಹತ್ತಲು. ಬಾಗಿಲುಗಳನ್ನು ಪೂರ್ತಿ ತೆರೆದು, ಅವು ಮುಚ್ಚಿಕೊಳ್ಳದಂತೆ ಕಟ್ಟಿ, ಗಾಳಿಯಾಡುವಂತೆ ಮಾಡಿ. ಒಬ್ಬರೇ ಒಳಗೆ ಕೆಲಸ ಮಾಡಬಾರದು. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಎರಡು ಡಬ್ಬಿ ಬೆರೆಸಿ ಸಿಂಪಡಿಸುವ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದು ಆಸ್ತಮಾ ತರಬಲ್ಲದು. ಆ ಕೆಲಸವನ್ನು ತಕ್ಕ ಸಲಕರಣೆಯುಳ್ಳ ಕಸಬುದಾರರಿಗೇ ಬಿಡಿ.

ಬಣ್ಣ ಬಳಿಯುವವರ ಆರೋಗ್ಯ

ನಿಮ್ಮ ಮನೆಯ ಕೆಲಸ ವಾರದಲ್ಲಿ ಮುಗಿಯುತ್ತದೆ. ಪೇಂಟರ್‌ಗೆ ವರ್ಷವಿಡೀ ಇದೇ ಧೂಳು, ಇದೇ ಆವಿ. ಪೇಂಟರ್ ವೃತ್ತಿಯು ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲೇ ವರ್ಗೀಕರಿಸಿದೆ. ಮುಖಕ್ಕೆ ಕಟ್ಟಿದ ಟವಲು ಸೂಕ್ಷ್ಮ ಧೂಳನ್ನು ತಡೆಯದು. ಧೂಳಿಗೆ ಎನ್‌-95 ಮಾದರಿಯ ಮುಖಗವಸು ಬೇಕು. ಆವಿಗೆ ಅದೂ ಸಾಲದು, ಇದ್ದಿಲಿನ ಸೋಸುಕವಿರುವ ಮುಖವಾಡವೇ ಬೇಕು. ಮುಖಗವಸಿನ ಖರ್ಚನ್ನು ಕೆಲಸ ಮಾಡಿಸುವ ನೀವೇ ಕೊಟ್ಟರೆ ತಪ್ಪೇನು?

ಸಂಜೆ ಒಂದು ಲೋಟ ಹಾಲು, ಬೆಲ್ಲ ಅಥವಾ ಬಾಳೆಹಣ್ಣು ತಿಂದರೆ ಬಣ್ಣದ ವಿಷವೆಲ್ಲ ತೊಳೆದುಹೋಗುತ್ತದೆಂಬ ನಂಬಿಕೆ ಇದೆ. ಹಾಗೇನೂ ಆಗುವುದಿಲ್ಲ. ಕಬ್ಬಿಣಾಂಶ, ಸುಣ್ಣದ ಅಂಶವಿರುವ ರಾಗಿ, ಸೊಪ್ಪು, ಹಾಲು ದೇಹಕ್ಕೆ ಒಳ್ಳೆಯದು, ಸೀಸ ಹೀರಿಕೆಯನ್ನೂ ತಗ್ಗಿಸುತ್ತವೆ. ಆದರೆ ಅವು ಮುಖಗವಸಿಗೆ ಬದಲಿಯಲ್ಲ. ಊಟಕ್ಕೆ ಮೊದಲು ಕೈ ತೊಳೆಯಬೇಕು. ಕೈಗಂಟಿದ ಬಣ್ಣವನ್ನು ಥಿನ್ನರ್‌ನಿಂದ ಒರೆಸದೆ ಕೊಬ್ಬರಿ ಎಣ್ಣೆ ಹಚ್ಚಿ ಸೋಪಿನಿಂದ ತೊಳೆಯಬೇಕು. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬಾರದು, ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ತುರ್ತು ಸಂದರ್ಭದಲ್ಲಿ

ಥಿನ್ನರನ್ನು ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಕಂಟೈನರ್ ಒಳಗೆ ಯಾರಾದರೂ ಎಚ್ಚರ ತಪ್ಪಿದರೆ ಹಿಂದೆಮುಂದೆ ನೋಡದೆ ಒಳಗೆ ನುಗ್ಗಬೇಡಿ, ನೀವೂ ಬೀಳಬಹುದು. ಬಾಗಿಲುಗಳನ್ನೆಲ್ಲ ತೆರೆದು, ಜನರನ್ನು ಕೂಗಿ, 108ಕ್ಕೆ ಕರೆ ಮಾಡಿ.

ಮಗು ಬಣ್ಣದ ಚೂರು ತಿನ್ನುತ್ತಿದೆ, ಗ್ರಿಲ್ಲು ನೆಕ್ಕುತ್ತಿದೆ ಎಂದು ಕಂಡರೆ ಮಕ್ಕಳ ವೈದ್ಯರಿಗೆ ಅದನ್ನೇ ತಿಳಿಸಿ. ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬಹುದು. ಪ್ರಮಾಣ ಬಹಳ ಹೆಚ್ಚಿದ್ದರೆ ಅದನ್ನು ಹೊರಹಾಕುವ ಔಷಧಿಗಳಿವೆ. ಆದರೆ ಮಿದುಳಿಗೆ ಆದ ಹಾನಿಯನ್ನು ಅವು ಅಳಿಸಲಾರವು. ಹಾಗಾಗಿ ಗೇಟಿಗೆ ಉಪ್ಪುಕಾಗದ ತಾಗುವ ಮೊದಲು ಒಂದು ಬಕೆಟ್ ನೀರು ತಂದಿಡಿ. ಇಷ್ಟು ಚಿಕ್ಕ ಕೆಲಸದಿಂದ ಮೊಮ್ಮಗನನ್ನು ದೊಡ್ಡ ಅಪಾಯದಿಂದ ದೂರವಿಡಬಹುದು.