ಮೊದಲ ಐದು ನಕ್ಷತ್ರಗಳನ್ನು ಎಲ್ಲಿ ಹಾಕಬೇಕು?



ನಮ್ಮಲ್ಲಿ ಹಲವರು ಬಿಡುವಿನಲ್ಲಿ ‘ದಿ ಬ್ಯಾಟಲ್ ಆಫ್ ಪಾಲಿಟೋಪಿಯಾ’ ಆಡುತ್ತಾರೆ. ಸ್ವೀಡನ್ನಿನ ಮಿಡ್ಜಿವಾನ್ ಕಂಪನಿ 2016ರಲ್ಲಿ ಹೊರತಂದ ಆಟ ಇದು. ಚದುರಂಗದಂತೆ ಒಬ್ಬರ ನಂತರ ಒಬ್ಬರು ಸರದಿ ಆಡಬೇಕು, ಬೆರಳಿನ ವೇಗಕ್ಕೆ ಇಲ್ಲಿ ಬೆಲೆಯಿಲ್ಲ. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಮೂರು ನಾಲ್ಕು ಜನ ಆಡಬಹುದು. ಸೋತವರು ಯಾವಾಗಲೂ ಕೊನೆಯ ಯುದ್ಧವನ್ನು ದೂರುತ್ತಾರೆ. ನನ್ನ ಪ್ರಕಾರ ಹೆಚ್ಚಿನ ಆಟಗಳು ಮೊದಲ ಕೆಲವು ಸರದಿಗಳಲ್ಲೇ ತೀರ್ಮಾನವಾಗಿರುತ್ತವೆ. ಏಕೆಂದು ವಾಣಿಜ್ಯ ವಿಭಾಗದವರ ಹಿಸಾಬಿನಲ್ಲಿ ಹೇಳುತ್ತೇನೆ.

ಉದಾಹರಣೆಗೆ ಬಾರ್ಡುರ್ ಬುಡಕಟ್ಟನ್ನು ತೆಗೆದುಕೊಳ್ಳೋಣ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ನಾಲ್ಕರಲ್ಲಿ ಇದೂ ಒಂದು. ಆರಂಭದಲ್ಲಿ ನಮ್ಮ ಬಳಿ ಇರುವುದು ಒಂದು ರಾಜಧಾನಿ, ಒಬ್ಬ ಯೋಧ, ಬೇಟೆಯ ವಿದ್ಯೆ ಮತ್ತು 5 ನಕ್ಷತ್ರ. ನಕ್ಷತ್ರವೇ ಇಲ್ಲಿನ ಹಣ. ರಾಜಧಾನಿಯಿಂದ ಪ್ರತಿ ಸರದಿಗೆ 2 ನಕ್ಷತ್ರ ಆದಾಯ ಬರುತ್ತದೆ. ಒಂದು ಪ್ರಾಣಿಯ ಬೇಟೆಗೆ 2 ನಕ್ಷತ್ರ ಖರ್ಚು, ಅದರಿಂದ ಜನಸಂಖ್ಯೆ ಒಂದು ಏರುತ್ತದೆ. ಎರಡು ಏರಿದರೆ ನಗರ ಎರಡನೇ ಹಂತಕ್ಕೆ ಹೋಗುತ್ತದೆ. ಆಗ ಆದಾಯ ಒಂದು ಹೆಚ್ಚುತ್ತದೆ. ಜೊತೆಗೆ ಬಹುಮಾನವಾಗಿ ಕಾರ್ಯಾಗಾರವನ್ನು ಆರಿಸಿದರೆ ಇನ್ನೊಂದು. ಅಂದರೆ 4 ನಕ್ಷತ್ರ ಹಾಕಿದರೆ ಪ್ರತಿ ಸರದಿಗೆ 2 ಹೆಚ್ಚು ಬರುತ್ತದೆ. ಎರಡೇ ಸರದಿಗೆ ಬಂಡವಾಳ ವಾಪಸ್!

ಈಗ ಇಬ್ಬರು ಆಟಗಾರರನ್ನು ಊಹಿಸಿಕೊಳ್ಳಿ. ಒಬ್ಬಳು ಮೊದಲ ಸರದಿಯಲ್ಲೇ 5 ನಕ್ಷತ್ರ ಕೊಟ್ಟು ಹೊಸ ವಿದ್ಯೆ ಕೊಳ್ಳುತ್ತಾಳೆ. ಕೈ ಖಾಲಿ. ಎರಡನೇ ಸರದಿಯಲ್ಲಿ ಒಂದು ಬೇಟೆ, ಮೂರನೆಯದರಲ್ಲಿ ಇನ್ನೊಂದು. ನಾಲ್ಕನೇ ಸರದಿಗೆ ಅವಳ ಕೈಯಲ್ಲಿ 4 ನಕ್ಷತ್ರ. ಇನ್ನೊಬ್ಬಳು ಮೊದಲ ಸರದಿಯಲ್ಲಿ ಎರಡೂ ಬೇಟೆ ಮುಗಿಸಿ, ಎರಡನೆಯದರಲ್ಲಿ ಅದೇ ವಿದ್ಯೆ ಕೊಳ್ಳುತ್ತಾಳೆ. ನಾಲ್ಕನೇ ಸರದಿಗೆ ಅವಳ ಕೈಯಲ್ಲಿ 8. ಇಬ್ಬರೂ ಕೊಂಡದ್ದು ಒಂದೇ ಸಾಮಾನು, ಬದಲಾದದ್ದು ಕ್ರಮ ಮಾತ್ರ. ಆ 4 ನಕ್ಷತ್ರಕ್ಕೆ ಇಬ್ಬರು ಯೋಧರು ಬರುತ್ತಾರೆ. (ನಂಬಿಕೆ ಬಾರದವರು ಹಾಳೆಯ ಮೇಲೆ ಕೂಡಿಸಿ ನೋಡಿ. ಕಾಲೇಜಿಗೆ ಫೋನ್ ತರುವಂತಿಲ್ಲ, ಪೆನ್ನು ತರಬಹುದು.)

ಇಂಪೀರಿಯಸ್ ಆಡುವವರಿಗೂ ಇದೇ ಲೆಕ್ಕ, ಪ್ರಾಣಿಯ ಬದಲು ಹಣ್ಣು ಅಷ್ಟೆ. ಶಿನ್‌-ಶಿ ಮತ್ತು ಔಮಾಜಿಗೆ ಆರಂಭದಲ್ಲಿ ಬೆಳೆಯುವ ವಿದ್ಯೆ ಇಲ್ಲದಿರುವುದರಿಂದ ಮೊದಲು ಅದನ್ನು ಕೊಳ್ಳಲೇಬೇಕು. ಔಮಾಜಿಯ ಸವಾರ ಒಂದು ಸರದಿಗೆ ಎರಡು ಚೌಕ ಓಡುತ್ತಾನೆ ಎನ್ನುವುದು ಅವರಿಗೆ ಸಮಾಧಾನ.

ಇನ್ನು ವಿಸ್ತರಣೆ. ನಕ್ಷೆಯಲ್ಲಿ ಅಲ್ಲಲ್ಲಿ ಯಾರಿಗೂ ಸೇರದ ಹಳ್ಳಿಗಳಿರುತ್ತವೆ. ನಮ್ಮ ಯೋಧ ಹಳ್ಳಿಯ ಮೇಲೆ ನಿಂತು, ಮುಂದಿನ ಸರದಿಯಲ್ಲಿ ಅದನ್ನು ವಶಪಡಿಸಿಕೊಳ್ಳಬಹುದು. ಇದಕ್ಕೆ ಒಂದು ನಕ್ಷತ್ರವೂ ಖರ್ಚಿಲ್ಲ, ಖರ್ಚಾಗುವುದು ನಡಿಗೆ ಮಾತ್ರ. ಆದ್ದರಿಂದ ಮೊದಲ ಯೋಧನನ್ನು ಮನೆಯಲ್ಲಿ ಕೂರಿಸಬೇಡಿ. ಎರಡನೆಯವನನ್ನು ಬೇಗ ತರಬೇತಿ ಮಾಡಿ ಮೊದಲನೆಯವನ ವಿರುದ್ಧ ದಿಕ್ಕಿಗೆ ಕಳುಹಿಸಿ. ಮೊದಲ ಸರದಿಗಳಲ್ಲಿ ನಕ್ಷತ್ರ ಕೂಡಿಡುವ ಅಭ್ಯಾಸ ಕೆಲವರಿಗಿದೆ. ಕೂಡಿಟ್ಟ ನಕ್ಷತ್ರ ಇಲ್ಲಿ ಮರಿ ಹಾಕುವುದಿಲ್ಲ.

ಆದರೆ ಹಳ್ಳಿ ಪೂರ್ತಿ ಪುಕ್ಕಟೆ ಎಂದುಕೊಳ್ಳಬೇಡಿ. ನಗರಗಳು ಹೆಚ್ಚಿದಂತೆ ವಿದ್ಯೆಗಳ ಬೆಲೆಯೂ ಏರುತ್ತದೆ. ಒಂದೇ ನಗರವಿದ್ದಾಗ ಮೂರು ಹಂತದ ವಿದ್ಯೆಗಳಿಗೆ 5, 6, 7 ನಕ್ಷತ್ರ. ಐದು ನಗರಗಳಾದಾಗ ಅವೇ 9, 14, 19. ಮೇಲಿನ ಹಂತದ್ದು ಎಷ್ಟು ಜೋರಾಗಿ ಏರಿದೆ ನೋಡಿ. ಇದು ವ್ಯಾಪಾರದ ಮೇಲ್ಖರ್ಚಿನಂತೆ. ನಮ್ಮ ಮನೆಯಲ್ಲಿ ಈಗ ಎರಡನೇ ಅಂಗಡಿಯ ಮಾತು ನಡೆದಿದೆ. ಭಾಯಿಗೆ ಈ ರಂಜಾನಿಗೆ ಮೊದಲೇ ತೆಗೆಯಬೇಕು. ಅಬ್ಬಾ ಒಂದೇ ಪ್ರಶ್ನೆ ಕೇಳುತ್ತಾರೆ: “ಪೈಸೆ ಕಬ್ ವಾಪಸ್ ಆತೆ?” ಹಣ ಯಾವಾಗ ಹಿಂದೆ ಬರುತ್ತದೆ? ಮುಂಗಡ, ಬಾಡಿಗೆ, ಒಬ್ಬ ಕೆಲಸದವನ ಸಂಬಳ, ಎಲ್ಲ ಬರೆದು ಎರಡು ರಾತ್ರಿ ಕೂತರೂ ಉತ್ತರ ಇನ್ನೂ ಸಿಕ್ಕಿಲ್ಲ. ಅಲ್ಲಿ ಹಬ್ಬದ ವ್ಯಾಪಾರ ಎಷ್ಟಾಗುತ್ತದೆ ಎಂದು ಯಾರೂ ಅಂಕಿ ಬರೆದುಕೊಡುವುದಿಲ್ಲ. ಆಟದಲ್ಲಿ ಬರೆದೇ ಇರುತ್ತದೆ: ಹೊಸ ಹಳ್ಳಿ ಪ್ರತಿ ಸರದಿಗೆ 1 ನಕ್ಷತ್ರ ಕೊಡುತ್ತದೆ, ಬೆಳೆಸಿದರೆ ಇನ್ನೂ ಹೆಚ್ಚು. ಹಾಗಾಗಿ ಆಟದಲ್ಲಿ ನಾನು ಭಾಯಿಯ ಪಕ್ಷ, ಅಂಗಡಿಯ ವಿಷಯದಲ್ಲಿ ಸದ್ಯಕ್ಕೆ ಅಬ್ಬಾನ ಪಕ್ಷ.

ಬೆಲೆ ಏರುವುದರಿಂದ ಒಂದು ಸಣ್ಣ ಉಪಾಯವೂ ಇದೆ. ಯೋಧ ಹಳ್ಳಿಯ ಮೇಲೆ ನಿಂತಿದ್ದು, ಅದೇ ಸರದಿಯಲ್ಲಿ ವಿದ್ಯೆಯನ್ನೂ ಕೊಳ್ಳುವುದಿದ್ದರೆ, ಮೊದಲು ವಿದ್ಯೆ ಕೊಳ್ಳಿ, ನಂತರ ಹಳ್ಳಿ ಹಿಡಿಯಿರಿ. ಮೊದಲ ಹಂತದ್ದಾದರೆ 1 ನಕ್ಷತ್ರ, ಮೂರನೇ ಹಂತದ್ದಾದರೆ 3 ಉಳಿಯುತ್ತದೆ.

ನಗರವನ್ನು ಮೂರನೇ ಹಂತಕ್ಕೆ ಒಯ್ಯಲು ಜನಸಂಖ್ಯೆ ಇನ್ನೂ 3 ಏರಬೇಕು, ಬೇಟೆ ಅಥವಾ ಹಣ್ಣಿನ ಲೆಕ್ಕದಲ್ಲಿ 6 ನಕ್ಷತ್ರ. ಆಗ ಗೋಡೆ ಅಥವಾ 5 ನಕ್ಷತ್ರ, ಎರಡರಲ್ಲಿ ಒಂದನ್ನು ಆರಿಸಬೇಕು. ಶತ್ರು ಕಣ್ಣಿಗೆ ಬೀಳದಿದ್ದರೆ 5 ನಕ್ಷತ್ರ ತೆಗೆದುಕೊಳ್ಳಿ. ಹಾಕಿದ್ದರಲ್ಲಿ ಹೆಚ್ಚಿನ ಪಾಲು ಕೂಡಲೇ ಕೈಗೆ ಬರುತ್ತದೆ. ಶತ್ರು ಹತ್ತಿರವಿದ್ದರೆ ಗೋಡೆ ಕಟ್ಟಿ. ಏಕೆಂದರೆ ಶತ್ರು ಸೈನಿಕ ನಮ್ಮ ನಗರದ ಮೇಲೆ ಬಂದು ನಿಂತರೆ ಆ ನಗರದ ಆದಾಯ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಸರದಿಗೆ ನಗರವೇ ಅವನದಾಗಬಹುದು. ಕಾರ್ಯಾಗಾರವಿರುವ ಮೂರನೇ ಹಂತದ ರಾಜಧಾನಿ ಪ್ರತಿ ಸರದಿಗೆ 5 ನಕ್ಷತ್ರ ತರುತ್ತದೆ. ಒಬ್ಬ ಯೋಧನ ಬೆಲೆ 2. ನೆರೆಯವರ ಗಡಿ ಕಂಡ ದಿನದಿಂದ ಅವನೊಬ್ಬನನ್ನು ರಾಜಧಾನಿಯಲ್ಲೇ ನಿಲ್ಲಿಸಿ, ಉಳಿದವರು ಹಳ್ಳಿ ಹುಡುಕಲಿ.