ಒಂದೇ ನೋಟೀಸು, ಮೂರು ಭಾಷೆ: ಅನುವಾದ ಸೇವೆಯ ಕ್ಲೈಂಟ್ ಲೈಬ್ರರಿ ಬಳಸಲು ಮೊದಲ ಪಾಠ

ನಮ್ಮ ಕಾಲೇಜಿನ ನೋಟೀಸು ಬೋರ್ಡಿಗೆ ಬರುವ ಕಾಗದಗಳು ಬಹುಪಾಲು ಕನ್ನಡದಲ್ಲಿರುತ್ತವೆ. ಅವು ತಲುಪಬೇಕಾದ ಮನೆಗಳಲ್ಲಿ ಮಾತ್ರ ಭಾಷೆ ಒಂದೇ ಅಲ್ಲ. ನಿಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರು ಉರ್ದು ಬಿಟ್ಟು ಬೇರೆ ಲಿಪಿ ಓದುವುದಿಲ್ಲ. ಹಿಂದೂಪುರದ ಕಡೆಯಿಂದ ಬರುವವರ ಮನೆಯಲ್ಲಿ ತೆಲುಗು ಲಿಪಿ. (ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ತೆಲುಗು ಮಾತಾಡಿ ಕನ್ನಡ ಓದುವವರೂ ಬೇಕಾದಷ್ಟು ಇದ್ದಾರೆ, ಅವರಿಗೆ ಈ ತೊಂದರೆ ಇಲ್ಲ.) ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಬೇಕು ಎಂಬ ಒಂದು ಸಾಲು ಮನೆಯವರಿಗೆ ಸಮಯಕ್ಕೆ ತಿಳಿಯದಿದ್ದರೆ ಆ ವರ್ಷದ ಹಣ ಕೈತಪ್ಪಿದ ಹಾಗೆಯೇ. ಆದ್ದರಿಂದ ಈ ಸಲದ ಕಂಪ್ಯೂಟರ್ ಪಾಠಕ್ಕೆ ನಾನು ಆರಿಸಿಕೊಂಡಿರುವುದು ನೋಟೀಸನ್ನೇ: ಕನ್ನಡದಲ್ಲಿ ಬರೆದದ್ದನ್ನು ಉರ್ದುವಿಗೂ ತೆಲುಗಿಗೂ ತರುವ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ.

ಫೋನಿನ ಗೂಗಲ್ ಟ್ರಾನ್ಸ್‌ಲೇಟ್ ನಿಮಗೆಲ್ಲ ಗೊತ್ತು. ಅದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ, ತಮಿಳು, ತೆಲುಗು, ಬಂಗಾಳಿ, ಗುಜರಾತಿಗಳ ಜೊತೆಗೆ. 2017ರಲ್ಲಿ ಕನ್ನಡಕ್ಕೂ ನ್ಯೂರಲ್ ವಿಧಾನ ಬಂದ ಮೇಲೆ ವಾಕ್ಯಗಳು ಓದುವ ಹಾಗಾದವು. ಫೋನಿನಲ್ಲಿ ಒಂದೊಂದೇ ಸಾಲು ಅಂಟಿಸಿ, ಬಂದದ್ದನ್ನು ನಕಲು ಮಾಡಿಕೊಳ್ಳುವುದು ಒಂದು ನೋಟೀಸಿಗೆ ಸರಿ. ತಿಂಗಳಿಗೆ ಮೂವತ್ತು ನೋಟೀಸು, ಪ್ರತಿಯೊಂದಕ್ಕೂ ಎರಡು ಭಾಷೆ ಎಂದರೆ ಆ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸಬೇಕು. ಅದಕ್ಕಾಗಿ ಗೂಗಲ್ ಕ್ಲೌಡ್ ಟ್ರಾನ್ಸ್‌ಲೇಶನ್ ಎಂಬ ಸೇವೆ ಬೇರೆಯೇ ಇದೆ. ಅದಕ್ಕೆ ಪರದೆ, ಬಟನ್ ಇಲ್ಲ. ನಮ್ಮ ಪ್ರೋಗ್ರಾಂ ಅಂತರಜಾಲದ ಮೂಲಕ ಕೇಳುತ್ತದೆ, ಅದು ಉತ್ತರ ಕೊಡುತ್ತದೆ.

ಇಲ್ಲಿ ಕ್ಲೈಂಟ್ ಲೈಬ್ರರಿ ಎಂಬ ಮಾತು ಬರುತ್ತದೆ. ತಾಲ್ಲೂಕು ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರನ್ನು ನೆನೆಸಿಕೊಳ್ಳಿ. ನೀವು ನಿಮ್ಮ ವಿಷಯ ಹೇಳುತ್ತೀರಿ, ಅಷ್ಟೇ. ಯಾವ ನಮೂನೆ, ಎಷ್ಟರ ಸ್ಟಾಂಪು, ಯಾವ ಕೌಂಟರ್, ಜೊತೆಗೆ ಏನೇನು ಲಗತ್ತಿಸಬೇಕು ಎನ್ನುವುದೆಲ್ಲ ಅವರಿಗೆ ಗೊತ್ತು. ಅವರಿಲ್ಲದೆಯೂ ಅರ್ಜಿ ಕೊಡಬಹುದು, ಆದರೆ ಮೂರು ಸಲ ತಿರುಗಬೇಕಾದೀತು. ಕ್ಲೈಂಟ್ ಲೈಬ್ರರಿ ಮಾಡುವುದೂ ಇದನ್ನೇ. ಸರ್ವರಿನ ವಿಳಾಸ, ಗುರುತಿನ ಚೀಟಿಯಂಥ ಟೋಕನ್, ಜೇಸನ್ ರೂಪದಲ್ಲಿ ಕಟ್ಟಿದ ಪ್ರಶ್ನೆ, ಬಂದ ಉತ್ತರವನ್ನು ಬಿಡಿಸುವುದು, ಇವೆಲ್ಲ ಅದರ ಪಾಲು. ಪೈಥಾನ್, ಜಾವಾ, ನೋಡ್, ಗೋ, ಪಿಎಚ್‌ಪಿ, ಹೀಗೆ ಒಂದೊಂದು ಪ್ರೋಗ್ರಾಮಿಂಗ್ ಭಾಷೆಗೂ ಬೇರೆ ಬೇರೆ ಲೈಬ್ರರಿ ಇದೆ. ನಮಗೆ ಪೈಥಾನ್ ಸಾಕು.

ಕನ್ನಡದ ಪುಟದಲ್ಲಿ ಇಂಗ್ಲಿಷ್ ಕೋಡ್ ಅಚ್ಚು ಹಾಕಿದರೆ ಗೆರೆ, ಜಾಗ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಆದೇಶಗಳನ್ನು ಲ್ಯಾಬಿನ ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಇಲ್ಲಿ ಅವುಗಳ ಅರ್ಥ ಹೇಳುತ್ತೇನೆ. ಮೊದಲು ಪಿಪ್ ಬಳಸಿ ಲೈಬ್ರರಿಯನ್ನು ಇಳಿಸಿಕೊಳ್ಳಬೇಕು. ಅದರ ಹೆಸರು ಗೂಗಲ್, ಕ್ಲೌಡ್, ಟ್ರಾನ್ಸ್‌ಲೇಟ್ ಎಂಬ ಮೂರು ಪದ, ನಡುವೆ ಅಡ್ಡಗೆರೆ. ಸೇವೆಯಲ್ಲಿ ಬೇಸಿಕ್, ಅಡ್ವಾನ್ಸ್‌ಡ್ ಎಂದು ಎರಡು ಬಗೆ. ಬೇಸಿಕ್ ಎಂದರೆ ಎರಡನೇ ಆವೃತ್ತಿ, ಅಡ್ವಾನ್ಸ್‌ಡ್ ಎಂದರೆ ಮೂರನೆಯದು. ಕಲಿಯುವವರಿಗೆ ಬೇಸಿಕ್ ಒಳ್ಳೆಯದು. ಅದನ್ನು ಇಂಪೋರ್ಟ್ ಮಾಡಿ, ಒಂದು ಕ್ಲೈಂಟ್ ಆಬ್ಜೆಕ್ಟ್ ಮಾಡಿಕೊಂಡು, ಅದರ ಟ್ರಾನ್ಸ್‌ಲೇಟ್ ಮೆಥಡ್‌ಗೆ ವಾಕ್ಯವನ್ನು ಕೊಟ್ಟರೆ ಮುಗಿಯಿತು. ಸಿಗುವ ಉತ್ತರ ಒಂದು ಡಿಕ್ಷನರಿ. ಅದರೊಳಗೆ 'ಟ್ರಾನ್ಸ್‌ಲೇಟೆಡ್ ಟೆಕ್ಸ್ಟ್' ಎಂಬ ಕೀಲಿಯ ಎದುರು ಅನುವಾದ ಇರುತ್ತದೆ. ಒಂದು ವಾಕ್ಯದ ಬದಲು ವಾಕ್ಯಗಳ ಲಿಸ್ಟನ್ನೇ ಕೊಟ್ಟರೆ ಉತ್ತರವೂ ಲಿಸ್ಟಾಗಿ ಬರುತ್ತದೆ. ಹತ್ತು ಸಾಲಿನೊಳಗೆ ಮುಗಿಯುವ ಪ್ರೋಗ್ರಾಂ ಇದು.

ಮೆಥಡ್‌ಗೆ ಮೂರು ವಿಷಯ ತಪ್ಪದೆ ಹೇಳಿ. ಯಾವ ಭಾಷೆಗೆ ಬೇಕು ಎನ್ನುವುದು ಒಂದು: ಉರ್ದುವಿಗೆ 'ಯು ಆರ್', ತೆಲುಗಿಗೆ 'ಟಿ ಇ', ಕನ್ನಡಕ್ಕೆ 'ಕೆ ಎನ್' ಎಂಬ ಎರಡಕ್ಷರದ ಸಂಕೇತ. ಯಾವ ಭಾಷೆಯಿಂದ ಎನ್ನುವುದು ಇನ್ನೊಂದು. ಹೇಳದಿದ್ದರೆ ಅದೇ ಊಹಿಸುತ್ತದೆ, ಆದರೆ ಎರಡೇ ಪದದ ಶೀರ್ಷಿಕೆಗಳಲ್ಲಿ ಊಹೆಯನ್ನು ನಂಬಬಾರದು. ಮೂರನೆಯದು ಫಾರ್ಮ್ಯಾಟ್. 'ಟೆಕ್ಸ್ಟ್' ಎಂದು ಸ್ಪಷ್ಟವಾಗಿ ಹೇಳದಿದ್ದರೆ ಸೇವೆ ನಿಮ್ಮ ಬರಹವನ್ನು ವೆಬ್ ಪುಟದ ಎಚ್‌ಟಿಎಂಎಲ್ ಎಂದೇ ತಿಳಿಯುತ್ತದೆ. ಆಗ ಉದ್ಧರಣ ಚಿಹ್ನೆ ಇದ್ದ ಜಾಗದಲ್ಲಿ ಆಂಪರ್ಸೆಂಡ್, ಹ್ಯಾಷ್, 39 ಎಂಬ ಗೊಂದಲ ಬಂದು ಕೂರುತ್ತದೆ. ಹೊಸಬರು ಇದನ್ನು ಕಂಡು ಲೈಬ್ರರಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ.

ಇಷ್ಟು ಸುಲಭ. ಕಷ್ಟವಿರುವುದು ಇದರ ಆಚೆಈಚೆ.

ಕೀಲಿಯ ವಿಷಯ ಮೊದಲು. ಈ ಸೇವೆಗೆ ಬಿಲ್ಲಿಂಗ್ ಖಾತೆ ಬೇಕು, ಖಾತೆಗೆ ಹಣ ಪಾವತಿಸುವ ಕಾರ್ಡು ಬೇಕು. ನೀವು ಯಾರೂ ಅಪ್ಪನ ಕಾರ್ಡನ್ನು ಇದಕ್ಕೆ ಕೊಡಬೇಡಿ; ಲ್ಯಾಬಿನ ಖಾತೆಯಲ್ಲೇ ಕಲಿಯಿರಿ. ತಿಂಗಳಿಗೆ ಮೊದಲ 5 ಲಕ್ಷ ಅಕ್ಷರ ಉಚಿತ, ಆಮೇಲೆ ಹತ್ತು ಲಕ್ಷಕ್ಕೆ 20 ಡಾಲರ್ ಎಂಬುದು ಈಗಿನ ದರ. 600 ಅಕ್ಷರದ ನೋಟೀಸನ್ನು ಎರಡು ಭಾಷೆಗೆ ಕಳಿಸಿದರೆ 1,200 ಲೆಕ್ಕ. ಅಂದರೆ ತಿಂಗಳಿಗೆ ನಾನೂರು ನೋಟೀಸಿನವರೆಗೆ ಒಂದು ಪೈಸೆಯೂ ಬೀಳದು. ಆದರೆ ಅದೇ ನೋಟೀಸು ನಿಲ್ಲದ ಲೂಪಿಗೆ ಸಿಕ್ಕಿ, ಸೆಕೆಂಡಿಗೆ ಹತ್ತು ಸಲ ಹೋಗತೊಡಗಿದರೆ ಒಂದೂವರೆ ನಿಮಿಷದೊಳಗೆ ಉಚಿತ ಪಾಲು ಮುಗಿಯುತ್ತದೆ, ಒಂದು ಗಂಟೆಯಲ್ಲಿ ಬಿಲ್ಲು 400 ಡಾಲರ್ ದಾಟುತ್ತದೆ. ಕಾಗದದ ಮೇಲೆ ಗುಣಿಸಿ ನೋಡಿ. ಬಜೆಟ್ ಎಚ್ಚರಿಕೆ ಹಾಕಿದ್ದೇವಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ, ಅದು ಈಮೇಲ್ ಕಳಿಸುತ್ತದೆಯೇ ಹೊರತು ಬಾಗಿಲು ಹಾಕುವುದಿಲ್ಲ. ಬಾಗಿಲು ಹಾಕುವುದು ಕೋಟಾ. ದಿನಕ್ಕೆ ಇಷ್ಟೇ ಅಕ್ಷರ ಎಂಬ ಮಿತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಇಳಿಸಿಡಬೇಕು.

ಸರ್ವಿಸ್ ಅಕೌಂಟ್ ಕೀಲಿ ಎಂಬ ಫೈಲು ಸಿಗುತ್ತದೆ, ಅದು ಯಾರ ಕೈಗೆ ಹೋದರೂ ಬಿಲ್ಲು ನಮ್ಮದು. ಅದನ್ನು ಕೋಡಿನೊಳಗೆ ಬರೆಯುವುದು, ಗಿಟ್‌ಹಬ್‌ಗೆ ಏರಿಸುವುದು, ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕುವುದು ಮೂರೂ ಒಂದೇ. ಕಲಿಯುವ ಹಂತದಲ್ಲಿ ಅಂಥ ಫೈಲೇ ಬೇಡ. ಜಿ-ಕ್ಲೌಡ್ ಎಂಬ ಉಪಕರಣದಿಂದ ಆ ಕಂಪ್ಯೂಟರಿನಲ್ಲಿ ಒಮ್ಮೆ ಲಾಗಿನ್ ಆದರೆ ಲೈಬ್ರರಿ ಆ ಗುರುತನ್ನು ತಾನೇ ಹುಡುಕಿಕೊಳ್ಳುತ್ತದೆ.

ಅಕ್ಷರದ ಲೆಕ್ಕ ಎಂದೆನಲ್ಲ, ಅದು ನಮ್ಮ ಕಾಗುಣಿತದ ಲೆಕ್ಕವಲ್ಲ. ಸೇವೆ ಎಣಿಸುವುದು ಯೂನಿಕೋಡಿನ ಬಿಡಿ ಸಂಕೇತಗಳನ್ನು. 'ವಿದುರಾಶ್ವತ್ಥ' ನಮ್ಮ ಕಣ್ಣಿಗೆ ಐದು ಅಕ್ಷರ. ಪೈಥಾನ್‌ನಲ್ಲಿ ಅದರ ಉದ್ದ ಕೇಳಿ, 12 ಎನ್ನುತ್ತದೆ: ಗುಣಿತದ ಚಿಹ್ನೆ ಒಂದೊಂದು, ಒತ್ತಕ್ಷರಕ್ಕೆ ಬೇಕಾದ ವಿರಾಮ ಒಂದೊಂದು ಬೇರೆ ಬೇರೆ. 'ಗೌರಿಬಿದನೂರು' ಆರಲ್ಲ, 11. ಪದಗಳ ನಡುವಿನ ಖಾಲಿ ಜಾಗಕ್ಕೂ ಲೆಕ್ಕವಿದೆ. ಆದ್ದರಿಂದ ಒಮ್ಮೆ ಅನುವಾದವಾದ ಸಾಲನ್ನು ಫೈಲಿನಲ್ಲಿ ಉಳಿಸಿಕೊಂಡು, ಮುಂದಿನ ಸಲ ಅದೇ ಸಾಲು ಬಂದರೆ ಅಲ್ಲಿಂದಲೇ ತೆಗೆಯುವ ಹಾಗೆ ಬರೆಯಿರಿ. 'ಹೆಚ್ಚಿನ ವಿವರಕ್ಕೆ ಕಚೇರಿಯನ್ನು ಸಂಪರ್ಕಿಸಿ' ಎಂಬುದನ್ನು ವರ್ಷಕ್ಕೆ ನೂರು ಸಲ ಅನುವಾದಿಸುವುದು ಯಾಕೆ?

ನಮ್ಮ ಕಡೆಯವರಿಗೆ ಮಾತ್ರ ಎದುರಾಗುವ ತೊಡಕು ಒಂದಿದೆ, ಯಾವ ಇಂಗ್ಲಿಷ್ ಪಾಠದಲ್ಲೂ ಅದನ್ನು ಹೇಳಿರುವುದಿಲ್ಲ. ಹಳೆಯ ನೋಟೀಸುಗಳು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪಾಗಿರುತ್ತವೆ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫಾಂಟ್ ತೆಗೆದರೆ ಅರ್ಥವಿಲ್ಲ. ಯಂತ್ರ ಫಾಂಟನ್ನು ನೋಡುವುದಿಲ್ಲ, ರಾಶಿಯನ್ನು ನೋಡುತ್ತದೆ. ಹಳೆಯ ಇನ್‌ಪೇಜ್‌ನಲ್ಲಿ ಮಾಡಿದ ಉರ್ದು ಫೈಲುಗಳದ್ದೂ ಇದೇ ಕಥೆ. ಮೊದಲು ಯೂನಿಕೋಡಿಗೆ ಬದಲಾಯಿಸಿ, ಫೈಲನ್ನು ಯುಟಿಎಫ್-8 ಆಗಿ ಉಳಿಸಿ, ಆಮೇಲೆ ಅನುವಾದದ ಮಾತು.

ಈಗ ಅನುವಾದ ಬಂತು ಎನ್ನಿ. ಅದನ್ನು ಹಾಗೇ ಬೋರ್ಡಿಗೆ ಹಾಕಬಹುದೇ? ನನ್ನ ಉತ್ತರ ಖಂಡಿತ ಇಲ್ಲ. ಪರೀಕ್ಷಾ ಶುಲ್ಕದ ನೋಟೀಸಿನಲ್ಲಿ 'ದಂಡ ಶುಲ್ಕವಿಲ್ಲದೆ' ಎಂದು ಒಂದು ದಿನಾಂಕ, 'ದಂಡ ಶುಲ್ಕದೊಂದಿಗೆ' ಎಂದು ಇನ್ನೊಂದು. ಕನ್ನಡದಲ್ಲಿ ಇವೆರಡರ ವ್ಯತ್ಯಾಸ ಪದದ ಬಾಲದಲ್ಲಿದೆ. ಯಂತ್ರ ಆ ಬಾಲವನ್ನು ತಪ್ಪಾಗಿ ಹಿಡಿದರೂ ವಾಕ್ಯ ನಯವಾಗಿಯೇ ಇರುತ್ತದೆ. ಓದಿದವರಿಗೆ ಅನುಮಾನವೇ ಬರುವುದಿಲ್ಲ. ಹಳೆಯ ಯಂತ್ರಗಳ ಹರಕುಮುರುಕು ಅನುವಾದಕ್ಕಿಂತ ಇದು ಹೆಚ್ಚು ಅಪಾಯ ಎಂದು ನನಗನ್ನಿಸುತ್ತದೆ. 'ಶುಲ್ಕ ಕಟ್ಟಿ' ಎನ್ನುವ ಕಟ್ಟುವಿಕೆ ಬೇರೆ, ಮನೆ ಕಟ್ಟುವುದು ಬೇರೆ, ಗಂಟು ಕಟ್ಟುವುದು ಬೇರೆ. 'ಶುಲ್ಕ ಪಾವತಿಸಿ' ಎಂದೇ ಮೂಲದಲ್ಲಿ ಬರೆದರೆ ಅರ್ಧ ಕಷ್ಟ ಕಳೆಯುತ್ತದೆ. ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ದಿನಾಂಕ.

ಉರ್ದುವಿನಲ್ಲಿ ದಿನಾಂಕವೇ ಒಂದು ಬಲೆ. ಬರಹ ಬಲದಿಂದ ಎಡಕ್ಕೆ, ಅಂಕಿಗಳು ಎಡದಿಂದ ಬಲಕ್ಕೆ. 05-12 ಎಂದು ಅಡ್ಡಗೆರೆ ಹಾಕಿದ ದಿನಾಂಕ ಉರ್ದು ಅಕ್ಷರಗಳ ನಂತರ ಬಂದರೆ ಯೂನಿಕೋಡಿನ ನಿಯಮದಂತೆ ಅದು 12-05 ಎಂದು ಕಾಣುತ್ತದೆ. ಡಿಸೆಂಬರ್ 5 ಹೋಗಿ ಮೇ 12 ಆಯಿತು! ಫೈಲಿನಲ್ಲಿ ತಪ್ಪಿಲ್ಲ, ಕಾಣುವುದರಲ್ಲಿ ತಪ್ಪು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೋಜೇ ಇಲ್ಲ.

ಮರ್ಯಾದೆಯ ಮಾತೂ ಇದೆ. ಎಷ್ಟೋ ಯಂತ್ರಗಳು ಎರಡು ಭಾರತೀಯ ಭಾಷೆಗಳ ನಡುವೆ ಇಂಗ್ಲಿಷಿನ ಸೇತುವೆ ದಾಟಿಕೊಂಡು ಹೋಗುತ್ತವೆ. ನಮ್ಮ 'ನೀನು', 'ನೀವು' ಎರಡೂ ಅಲ್ಲಿ 'ಯು' ಆಗಿ ಕರಗುತ್ತವೆ. ಆಚೆ ದಡದಲ್ಲಿ ತೂ, ತುಮ್, ಆಪ್ ಎಂಬ ಮೂರರಲ್ಲಿ ಒಂದನ್ನು ಆರಿಸಲು ಯಂತ್ರಕ್ಕೆ ಮೂಲದ ಸುಳಿವು ಉಳಿದಿರುವುದಿಲ್ಲ. ತಾಯಂದಿರಿಗೆ ಹೋಗುವ ಕಾಗದದಲ್ಲಿ 'ತುಮ್' ಬಂದರೆ ಚೆನ್ನಾಗಿರುತ್ತದೆಯೇ? ಇನ್ನು ಯಂತ್ರದ ಉರ್ದು ಪುಸ್ತಕದ ಉರ್ದು. 'ನಕ್ಕೋ', 'ಹೌ' ಎನ್ನುವ ನಮ್ಮ ಮನೆಯ ದಖ್ಖನಿ ಅದಕ್ಕೆ ಬಾರದು. ನೋಟೀಸಿಗೆ ಪುಸ್ತಕದ ಉರ್ದುವೇ ಸರಿ, ಆದರೆ ಅದನ್ನು ಓದಿ ಅಜ್ಜಿಗೆ ಹೇಳುವಾಗ ಮತ್ತೊಂದು ಅನುವಾದ ನೀವೇ ಮಾಡುತ್ತೀರಿ.

ಉರ್ದುವನ್ನು ಮತ್ತೆ ಯಂತ್ರದಿಂದಲೇ ಕನ್ನಡಕ್ಕೆ ತಿರುಗಿಸಿ ನೋಡುವುದು ಒಂದು ಪರೀಕ್ಷೆ. ಬಿಟ್ಟುಹೋದ 'ಇಲ್ಲ', ಬದಲಾದ ಅಂಕಿ ಇದರಲ್ಲಿ ಸಿಕ್ಕಿಬೀಳಬಹುದು. ಹೋಗುವಾಗಿನ ತಪ್ಪನ್ನು ಬರುವಾಗ ಯಂತ್ರವೇ ಮುಚ್ಚಿಬಿಡುವುದೂ ಉಂಟು, ಹಾಗಾಗಿ ಇದೊಂದನ್ನೇ ನಂಬಬೇಡಿ. ಪದೇಪದೇ ಬರುವ ಹೆಸರು, ಪಾರಿಭಾಷಿಕ ಪದಗಳಿಗೆ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಗ್ಲಾಸರಿ ಎಂಬ ಸೌಲಭ್ಯವಿದೆ: 'ವ್ಯಾಸಂಗ ಪ್ರಮಾಣಪತ್ರ'ಕ್ಕೆ ಉರ್ದುವಿನಲ್ಲಿ ಇದೇ ಪದ ಎಂದು ನಾವು ಪಟ್ಟಿ ಕೊಟ್ಟರೆ ಅದನ್ನೇ ಬಳಸುತ್ತದೆ. ಆ ಪಟ್ಟಿಯನ್ನು ಯಂತ್ರ ಮಾಡಿಕೊಡುವುದಿಲ್ಲ.

ಮತ್ತೊಂದು ಎಚ್ಚರ. ವಿದ್ಯಾರ್ಥಿಯ ಹೆಸರು, ಆಧಾರ್ ಸಂಖ್ಯೆ, ಫೋನ್ ನಂಬರ್, ಅಂಕಗಳು, ಇವು ಕ್ಲೌಡಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ಆ ಜಾಗದಲ್ಲಿ ಒಂದು ಗುರುತು ಹಾಕಿ ಕಳಿಸಿ, ಅನುವಾದ ಬಂದ ಮೇಲೆ ನಮ್ಮ ಕಂಪ್ಯೂಟರಿನಲ್ಲೇ ತುಂಬಿಕೊಳ್ಳಿ.

ಗೂಗಲ್ಲೇ ಆಗಬೇಕೆಂದಿಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಭಾಷಿಣಿ 2022ರಲ್ಲಿ ಶುರುವಾಯಿತು. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2 ಮಾದರಿ 2023ರಲ್ಲಿ ಹೊರಬಂತು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳೂ ಅದರಲ್ಲಿವೆ, ಅದನ್ನು ಇಳಿಸಿಕೊಂಡು ಸ್ವಂತ ಯಂತ್ರದಲ್ಲೇ ನಡೆಸಬಹುದು. ಲ್ಯಾಬಿನಲ್ಲಿ ಎರಡಕ್ಕೂ ಒಂದೇ ನೋಟೀಸು ಕೊಟ್ಟು ಹೋಲಿಸಿ ನೋಡೋಣ. ಜೊತೆಗೆ ನಮ್ಮ ಊರಿನದೇ ಒಂದು ಪರೀಕ್ಷಾ ವಾಕ್ಯ ಇಟ್ಟುಕೊಂಡಿದ್ದೇನೆ: '1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆಯಿತು.' ಊರಿನ ಹೆಸರು, ದಿನಾಂಕ, 'ಗೋಲಿಬಾರ್', ಮೂರೂ ಸರಿಯಾಗಿ ಬಂದರೆ ಆ ಯಂತ್ರಕ್ಕೆ ಪಾಸು ಅಂಕ ಕೊಡುತ್ತೇನೆ.

ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತದೆ. ಪ್ರೋಗ್ರಾಂ ಬರೆಯಲು ವಿಜ್ಞಾನ ವಿಭಾಗದವರು ಆಗಲೇ ಹೆಸರು ಕೊಟ್ಟಿದ್ದಾರೆ. ಉರ್ದುವನ್ನು ಸರಾಗವಾಗಿ ಓದಿ ಬರೆಯಬಲ್ಲ ಇಬ್ಬರು, ತೆಲುಗು ಲಿಪಿ ಬಲ್ಲ ಒಬ್ಬರು ಇನ್ನೂ ಬೇಕು. ಕಲಾ ವಿಭಾಗದವರಾದರೂ ಸರಿ, ಪೈಥಾನ್ ಬಾರದಿದ್ದರೂ ಸರಿ. ಅವರು ಓದಿ ಸಹಿ ಹಾಕದ ಯಾವ ಕಾಗದವೂ ಬೋರ್ಡಿಗೆ ಹೋಗುವುದಿಲ್ಲ.