ಬಾಳ್ಳುಪೇಟೆಯ ಏರಿಗೆ ಯಾವ ಗಾಲಿಕುರ್ಚಿ?

ಷೋರೂಮಿನ ಟೈಲ್ಸ್ ನೆಲದ ಮೇಲೆ ಎಲ್ಲ ಬ್ಯಾಟರಿ ಗಾಲಿಕುರ್ಚಿಗಳೂ ಚೆನ್ನಾಗಿಯೇ ಓಡುತ್ತವೆ. ಬಾಳ್ಳುಪೇಟೆಯ ಸುತ್ತಮುತ್ತ ಮನೆಯಿಂದ ರಸ್ತೆಗೆ ಬರಬೇಕೆಂದರೆ ಜಗಲಿಯ ಮೆಟ್ಟಿಲು, ಕಾಫಿ ಕಣ, ಕೆಮ್ಮಣ್ಣಿನ ಇಳಿಜಾರು ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೆಲ್ಲ ಜಾರುತ್ತದೆ. ಹಾಗಾಗಿ ಕುರ್ಚಿಗಿಂತ ಮೊದಲು ನೋಡಬೇಕಾದ್ದು ದಾರಿ.

ಟೇಪು ಹಿಡಿದು ಬಾಗಿಲುಗಳಿಂದ ಶುರು ಮಾಡಿ. ಕುರ್ಚಿಯ ಅಗಲ ಸಾಮಾನ್ಯವಾಗಿ 60ರಿಂದ 65 ಸೆಂ.ಮೀ. ಚೌಕಟ್ಟಿನ ಒಳ ಅಳತೆ 80 ಸೆಂ.ಮೀ. ಇದ್ದರೆ ಕೈ ತರಚದೆ ನುಗ್ಗಬಹುದು. ಬಚ್ಚಲಿನ ಬಾಗಿಲನ್ನೂ ಅಳೆಯಿರಿ, ಹಳೇ ಮನೆಗಳಲ್ಲಿ ಅದು ಕಿರಿದು. ಮೆಟ್ಟಿಲಿಗೆ ರ‍್ಯಾಂಪ್ ಹಾಕಿಸುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. 15 ಸೆಂ.ಮೀ.ಯ ಮೂರು ಮೆಟ್ಟಿಲಿದ್ದರೆ ಸುಮಾರು 18 ಅಡಿ. ಜಾಗವಿಲ್ಲವೆಂದು ಕಡಿದಾಗಿ ಕಟ್ಟಿಸಬೇಡಿ, ತಿರುವು ಕೊಟ್ಟು ಕಟ್ಟಿಸಿ. ಸಿಮೆಂಟನ್ನು ನುಣುಪು ಮಾಡದೆ ಗೀರು ಹಾಕಿಸಿ, ಮಳೆಗಾಲದಲ್ಲಿ ಪಾಚಿ ಉಜ್ಜಿಸಿ.

ಇನ್ನು ಬ್ರೇಕು. ಬೆಲೆ, ವೇಗ, ಬಣ್ಣ ಎಲ್ಲಕ್ಕಿಂತ ನಮ್ಮ ಕಡೆ ಮುಖ್ಯವಾದ್ದು ಇದೇ. ಒಳ್ಳೆಯ ಕುರ್ಚಿಯಲ್ಲಿ ಜಾಯ್‌ಸ್ಟಿಕ್ ಬಿಟ್ಟ ಕೂಡಲೇ ವಿದ್ಯುತ್ಕಾಂತೀಯ ಬ್ರೇಕು ಕಚ್ಚಿಕೊಳ್ಳುತ್ತದೆ, ಕರೆಂಟ್ ತಪ್ಪಿದರೂ ಹಿಡಿದೇ ಇರುತ್ತದೆ. ನಿಮ್ಮ ಮನೆಯ ಇಳಿಜಾರಿನಲ್ಲೇ, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು, ನಡುವೆ ಕೈಬಿಟ್ಟು ಪರೀಕ್ಷಿಸಿ. ಇಂಚಿಂಚಾಗಿ ಜಾರುವ ಕುರ್ಚಿ ಬೇಡವೇ ಬೇಡ. ತಳ್ಳಿಕೊಂಡು ಹೋಗಲು ಮೋಟಾರಿನ ಲಿವರ್ ಬಿಡಿಸಿದಾಗ ಈ ಬ್ರೇಕು ಕೆಲಸ ಮಾಡುವುದಿಲ್ಲ. ಇದು ಮನೆಯ ಮಕ್ಕಳಿಗೂ ಗೊತ್ತಿರಲಿ. ಹಿಂದಕ್ಕೆ ಮಗುಚದಂತೆ ತಡೆಯುವ ಪುಟ್ಟ ಚಕ್ರಗಳೂ ಸೊಂಟದ ಬೆಲ್ಟೂ ಇರಲೇಬೇಕು. ಏರನ್ನು ಅಡ್ಡಡ್ಡ ಹತ್ತದೆ ನೇರವಾಗಿ ಹತ್ತಿ. ಕಂಪನಿ ಹೇಳುವ ಡಿಗ್ರಿ ಒಣಗಿದ ಗಟ್ಟಿ ನೆಲದ ಲೆಕ್ಕ ಎಂಬುದು ನೆನಪಿರಲಿ.

ಲೆಡ್ ಆ್ಯಸಿಡ್ ಬ್ಯಾಟರಿಯ ಕುರ್ಚಿ ಅಗ್ಗ, ಆದರೆ ಭಾರ. ಆಸ್ಪತ್ರೆಗೆಂದು ಹಾಸನಕ್ಕೆ ಕಾರಿನಲ್ಲಿ ಒಯ್ಯುವವರಿಗೆ ಮಡಚುವ ಲಿಥಿಯಂ ಕುರ್ಚಿಯೇ ವಾಸಿ. ಮರ ಬಿದ್ದು ಕರೆಂಟ್ ಹೋಗುವ ದಿನಗಳಿಗಾಗಿ, ನಿಮ್ಮ ಯುಪಿಎಸ್‌ನಲ್ಲಿ ಚಾರ್ಜರ್ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಜಾಯ್‌ಸ್ಟಿಕ್‌ಗೆ ನೀರು ತಾಗಬಾರದು. 75ನೇ ಹೆದ್ದಾರಿಯ ಲಾರಿಗಳ ನಡುವೆ ಕುರ್ಚಿಯನ್ನು ಓಡಿಸುವ ಯೋಚನೆ ಬೇಡ.

ಕೈಯಲ್ಲಿ ಕಸುವಿರುವವರಿಗೆ ಇನ್ನೊಂದು ದಾರಿಯಿದೆ: ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಬೋಲ್ಟ್. ಗಾಲಿಕುರ್ಚಿಯ ಮುಂದಕ್ಕೆ ಸಿಕ್ಕಿಸಿದರೆ ಸ್ಕೂಟರಿನಂತೆ ಓಡುತ್ತದೆ, ಗಂಟೆಗೆ 25 ಕಿ.ಮೀ.ವರೆಗೆ. ಬೆನ್ನುಹುರಿ ಪೆಟ್ಟಿನಿಂದ ಸ್ಪರ್ಶ ಕಳೆದುಕೊಂಡವರು ಯಾವ ಕುರ್ಚಿ ಕೊಂಡರೂ ಫಿಜಿಯೋಥೆರಪಿಸ್ಟರನ್ನು ಕೇಳಿ ಒಳ್ಳೆಯ ಕುಶನ್ ಹಾಕಿಸಿಕೊಳ್ಳಬೇಕು. ಒತ್ತು ಹುಣ್ಣು ತಿಂಗಳುಗಟ್ಟಲೆ ಮಲಗಿಸಿಬಿಡುತ್ತದೆ.

ಸಹಾಯಧನಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕು. ಕೇಂದ್ರದ ಅಡಿಪ್ ಯೋಜನೆಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯವಿರಬೇಕು, ಆದಾಯದ ಮಿತಿಯೂ ಇದೆ. ಮೋಟಾರ್ ಸಾಧನಗಳಿಗೆ ಷರತ್ತು ಇನ್ನೂ ಬಿಗಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ), ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯೂ) ವಿಚಾರಿಸಿ.

ಕುರ್ಚಿ ಆರಿಸುವವರು ಅದರಲ್ಲಿ ಕೂರುವವರೇ ಆಗಿರಲಿ, ಮನೆಯವರು ಜೊತೆಗಿದ್ದರೆ ಸಾಕು. ಹಣ ಕೊಡುವ ಮುಂಚೆ ಅಂಗಡಿಯವರನ್ನು ಕೇಳಿ: ಕೆಟ್ಟರೆ ರಿಪೇರಿಗೆ ಊರಿಗೇ ಬರುತ್ತಾರೋ, ನಾವೇ ಬೆಂಗಳೂರಿಗೆ ಹೊತ್ತೊಯ್ಯಬೇಕೋ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.